ಸುರುಳಿ ಸುತ್ತಿದ ಮಳೆ

ಪುಣೆಯಿಂದ ಸಿಂಹಗಡದ ದಾರಿ ಹಿಡಿದವರಿಗೆ ಮೊದಲು ಸಿಗುವುದು ಖಡಕವಾಸಲಾ ಜಲಾಶಯ. ರಜೆಯ ದಿನಗಳಲ್ಲಿ ಅದರ ದಂಡೆಯುದ್ದಕ್ಕೂ ಸುಟ್ಟ ಮೆಕ್ಕೆಜೋಳ, ಕಾಂದಾ ಭಜಿ ಮಾರುವವರ ಸಾಲು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಠಾ ನದಿಗೆ ಕಟ್ಟಿದ ಈ ಕಟ್ಟೆಗೆ 1903ರಲ್ಲಿ ಒಂದು ಹೊಸ ಬಗೆಯ ಬಾಗಿಲು ಕೂರಿಸಿದರು. ನೆರೆ ಏರಿದಾಗ ತಾನೇ ತೆರೆದುಕೊಳ್ಳುವ, ಇಳಿದಾಗ ತಾನೇ ಮುಚ್ಚಿಕೊಳ್ಳುವ ಬಾಗಿಲು ಅದು. ಕಟ್ಟೆಯನ್ನು ಎತ್ತರಿಸದೆಯೇ ಜಲಾಶಯದಲ್ಲಿ ಸುಮಾರು ಎಂಟು ಅಡಿ ಹೆಚ್ಚು ನೀರು ನಿಲ್ಲುವಂತಾಯಿತು. ಅದನ್ನು ರೂಪಿಸಿದವರು ಮುದ್ದೇನಹಳ್ಳಿಯಿಂದ ಬಂದು ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಎಂಜಿನಿಯರಿಂಗ್ ಓದಿ, ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. 1961ರ ಜುಲೈ 12ರಂದು ಮೇಲಿನ ಪಾನಶೇತ್ ಅಣೆಕಟ್ಟು ಒಡೆದು ಆ ಹಳೆಯ ಕಟ್ಟೆಯೂ ಕೊಚ್ಚಿಹೋಯಿತು. ಈಗ ಕಾಣುವುದು ಅದಾದ ಮೇಲೆ ಮತ್ತೆ ಕಟ್ಟಿದ್ದು.

ಬಾಗಿಲಿನ ಕತೆ ಕನ್ನಡಿಗರಿಗೆ ಶಾಲೆಯಿಂದಲೇ ಗೊತ್ತು. ವಿಶ್ವೇಶ್ವರಯ್ಯನವರು ಪುಣೆ ಜಿಲ್ಲೆಯಲ್ಲಿ ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಗೊತ್ತಿಲ್ಲ. ನನ್ನ ಮಟ್ಟಿಗೆ ಅದೇ ಹೆಚ್ಚು ದೊಡ್ಡದು. ನೀರಾ ನದಿಯ ಕಾಲುವೆಯ ಕೆಳಗೆ ಕೆಲವೇ ಊರುಗಳ ಕಬ್ಬಿನ ಗದ್ದೆಗಳು ಮಿತಿಮೀರಿ ನೀರು ಕುಡಿದು ಜೌಗಾಗುತ್ತಿದ್ದವು, ಮುಂದಿನ ಊರುಗಳಿಗೆ ನೀರು ಮುಟ್ಟುತ್ತಿರಲಿಲ್ಲ. 1899ರಲ್ಲಿ ಪುಣೆಯ ನೀರಾವರಿಯ ಹೊಣೆ ಹೊತ್ತ ಅವರು ‘ಬ್ಲಾಕ್ ಪದ್ಧತಿ’ ತಂದರು. ಊರೂರಿಗೆ ಇಂತಿಷ್ಟು ಜಮೀನಿನ ಬ್ಲಾಕು, ಅದರೊಳಗೆ ಬೆಳೆಗಳ ಸರದಿ, ಕಬ್ಬಿಗೆ ಒಂದು ಪಾಲು ಮಾತ್ರ. ರೈತರು ಮೊದಲು ಒಪ್ಪಲಿಲ್ಲ. ಕೂತು ಮಾತಾಡಿದ ಮೇಲೆ ಒಪ್ಪಿದರು. ಇದ್ದ ನೀರು ಎಷ್ಟು ಎಕರೆಗೆ, ಎಷ್ಟು ದಿನಕ್ಕೊಮ್ಮೆ, ಎಷ್ಟು ಆಳಕ್ಕೆ ಎಂಬ ಪ್ರಶ್ನೆ ಆ ಪದ್ಧತಿಯ ಬೇರು. 1916ರಲ್ಲಿ ಇದೇ ನೆಲದಲ್ಲಿ ನೀರಾವರಿಯ ಸಂಶೋಧನೆಗೆಂದೇ ಒಂದು ಪುಟ್ಟ ವಿಭಾಗ ಹುಟ್ಟಿತು. ಅದು ಬೆಳೆದು ಖಡಕವಾಸಲಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವಾಗಿದೆ.

ಈ ಅಧ್ಯಾಯದಲ್ಲಿ ಹೇಳಹೊರಟಿರುವುದು ಹೋಸ್ ರೀಲ್ ಎಂಬ ಯಂತ್ರದ ಬಗ್ಗೆ. ವಿಶಾಲ ಹೊಲಕ್ಕೆ, ಮೇವಿನ ತೋಟಕ್ಕೆ, ಆಟದ ಮೈದಾನಕ್ಕೆ ಮಳೆಯಂತೆ ನೀರು ಹಾಯಿಸುತ್ತಾ ತನ್ನಷ್ಟಕ್ಕೆ ತಾನು ಸಾಗುವ ಯಂತ್ರ ಇದು. ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಪೈಪಿನ ಉದ್ದ, ಗನ್ನಿನ ಹಾರಿಕೆ, ಪಂಪಿನ ಎಚ್‌ಪಿ ತೋರಿಸುತ್ತಾರೆ. ಅವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ನೀರಾ ಕಾಲುವೆಯ ಆ ಹಳೆಯ ಪ್ರಶ್ನೆಯನ್ನೇ.

ಯಂತ್ರದ ರಚನೆ ಸರಳ. ಎರಡು ಅಥವಾ ನಾಲ್ಕು ಚಕ್ರದ ಗಾಡಿಯ ಮೇಲೆ ಆಳೆತ್ತರದ ಕಬ್ಬಿಣದ ಡ್ರಮ್. ಅದಕ್ಕೆ ಇನ್ನೂರು, ಮುನ್ನೂರು ಮೀಟರ್ ಉದ್ದದ ಗಟ್ಟಿ ಪಾಲಿಎಥಿಲೀನ್ ಪೈಪು ಸುತ್ತಿರುತ್ತದೆ. ಪೈಪಿನ ತುದಿಯಲ್ಲಿ ಪುಟ್ಟ ಗಾಡಿ, ಅದರ ಮೇಲೆ ರೇನ್ ಗನ್. ರೀಲನ್ನು ಹೊಲದ ಬದುವಿನಲ್ಲಿ ನಿಲ್ಲಿಸಿ, ಟ್ರ್ಯಾಕ್ಟರಿನಿಂದ ಗನ್ ಗಾಡಿಯನ್ನು ಹೊಲದ ಆ ತುದಿಗೆ ಎಳೆದೊಯ್ಯುತ್ತಾರೆ. ಪಂಪು ಶುರುವಾದರೆ ನೀರು ಮೊದಲು ರೀಲಿನಲ್ಲಿರುವ ಟರ್ಬೈನನ್ನು ತಿರುಗಿಸಿ, ಡ್ರಮ್ಮಿನ ನಡು ಅಚ್ಚಿನ ಮೂಲಕ ಪೈಪಿಗೆ ಇಳಿದು, ಗನ್ನಿನಿಂದ ಚಿಮ್ಮುತ್ತದೆ. ಟರ್ಬೈನ್ ಗೇರುಗಳ ಮೂಲಕ ಡ್ರಮ್ಮನ್ನು ನಿಧಾನಕ್ಕೆ ಸುತ್ತುತ್ತದೆ. ಪೈಪು ಗನ್ ಗಾಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಗನ್ ಪೂರ್ತಿ ವೃತ್ತ ಸುತ್ತುವುದಿಲ್ಲ. ರೀಲಿನ ಕಡೆಯ ಒಂದು ಹೋಳು ಬಿಟ್ಟು ಹಿಂದಕ್ಕೂ ಪಕ್ಕಕ್ಕೂ ಎರಚುತ್ತದೆ, ಗಾಡಿ ಸಾಗುವ ದಾರಿ ಒಣಗಿರಲಿ ಎಂದು. ಗಾಡಿ ರೀಲಿಗೆ ಬಂದು ತಾಗಿದಾಗ ಒಂದು ಸನ್ನೆ ಒತ್ತಿ ಯಂತ್ರ ತಾನೇ ನಿಲ್ಲುತ್ತದೆ.

ಇನ್ನು ಲೆಕ್ಕ. ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್ ಮಳೆ. ಹಾಗಾಗಿ ಗಂಟೆಗೆ ಹರಿಯುವ ಲೀಟರುಗಳನ್ನು, ಗನ್ ಒಂದು ಗಂಟೆಯಲ್ಲಿ ದಾಟುವ ಪಟ್ಟಿಯ ಚದರ ಮೀಟರುಗಳಿಂದ ಭಾಗಿಸಿದರೆ ಎಷ್ಟು ಮಿ.ಮೀ. ನೀರು ಬಿತ್ತೆಂದು ಸಿಗುತ್ತದೆ. ಸೆಕೆಂಡಿಗೆ 10 ಲೀಟರ್, ಅಂದರೆ ಗಂಟೆಗೆ 36,000 ಲೀಟರ್ ಕೊಡುವ ಬಾವಿ ಇದೆ ಎನ್ನೋಣ. ಪಟ್ಟಿಯ ಅಗಲ 60 ಮೀಟರ್, ಗನ್ನಿನ ನಡಿಗೆ ಗಂಟೆಗೆ 30 ಮೀಟರ್. ಒಂದು ಗಂಟೆಗೆ 1,800 ಚದರ ಮೀಟರ್. ಬಿದ್ದ ನೀರು 20 ಮಿ.ಮೀ. ನಡಿಗೆಯನ್ನು 15 ಮೀಟರಿಗೆ ಇಳಿಸಿದರೆ 40 ಮಿ.ಮೀ. ಯಂತ್ರವನ್ನು ಆಳುವುದೆಂದರೆ ಈ ವೇಗವನ್ನು ಆಳುವುದು. ಉಳಿದ ಸನ್ನೆಗಳೆಲ್ಲ ಅದರ ಸೇವೆಗೆ ಇರುವವು.

ಮುನ್ನೂರು ಮೀಟರ್ ಓಟಕ್ಕೆ ಹತ್ತು ಗಂಟೆ, ನೆನೆದದ್ದು ನಾಲ್ಕೂವರೆ ಎಕರೆ. ಕೇಳಲು ಚೆನ್ನಾಗಿದೆ. ಆದರೆ ಪುಣೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಹಸಿರಾಗಿ ನಿಂತ ಬೆಳೆ ದಿನಕ್ಕೆ 6-7 ಮಿ.ಮೀ. ನೀರು ಕುಡಿಯುತ್ತದೆ. ಗಾಳಿಗೆ ಹಾರಿ ಹೋಗುವುದು, ಅಂಚಿನಲ್ಲಿ ಪೋಲಾಗುವುದು ಕಳೆದು ನೂರಕ್ಕೆ ಎಪ್ಪತ್ತೈದು ಪಾಲು ಬೇರಿಗೆ ಮುಟ್ಟಿತೆಂದು ಹಿಡಿದರೆ, ದಿನಕ್ಕೆ 20 ಗಂಟೆ ಓಡಿದರೂ ಈ ಯಂತ್ರ ಬೇಸಿಗೆಯಲ್ಲಿ ಸಾಕಬಲ್ಲದ್ದು ಸುಮಾರು 19 ಎಕರೆ. ಕೃಷಿ ಪಂಪಿನ ಕರೆಂಟು ಬರುವುದೋ ಪಾಳಿಯ ಮೇಲೆ. ಎಂಟು ಗಂಟೆಯಷ್ಟೇ ಸಿಕ್ಕರೆ ಅದೇ ಯಂತ್ರ, ಅದೇ ಬಾವಿ, ಏಳೂವರೆ ಎಕರೆಗೆ ಇಳಿಯುತ್ತದೆ. ಐವತ್ತು ಎಕರೆಗೆ ಸಾಕೆಂದು ಯಾರಾದರೂ ಹೇಳಿದರೆ, ದಿನಕ್ಕೆ ಎಷ್ಟು ಗಂಟೆ, ಯಾವ ತಿಂಗಳು, ಯಾವ ಬೆಳೆ ಎಂದು ಮರಳಿ ಕೇಳಬೇಕು. ಹಿಂಗಾರಿನ ಕಡಲೆಗೆ ಹೂ ಬಿಡುವ ಹೊತ್ತಿಗೆ ಒಂದು, ಕಾಯಿ ಕಟ್ಟುವಾಗ ಒಂದು ಜೀವನೀರು ಕೊಡುವುದಾದರೆ ಐವತ್ತೇನು, ಅದಕ್ಕಿಂತ ಹೆಚ್ಚೂ ಆದೀತು. ಇಂದಾಪುರ, ದೌಂಡ್, ಬಾರಾಮತಿಯಂಥ ಮಳೆ ಕಡಿಮೆಯ ಮೂಡಣ ತಾಲ್ಲೂಕುಗಳಲ್ಲಿ ಈ ಯಂತ್ರದ ನಿಜವಾದ ಕೆಲಸ ಅದೇ ಎಂದು ನನಗನ್ನಿಸುತ್ತದೆ.

ಕಬ್ಬಿಗೆ ಇದು ಬೇಡ ಎಂದೇ ಹೇಳುತ್ತೇನೆ. ನಾಟಿಯ ನಂತರದ ಕೆಲವು ತಿಂಗಳು ಸಾಗೀತು. ಆಳೆತ್ತರಕ್ಕೆ ಬಂದ ಮೇಲೆ ಗಾಡಿ ಹೋಗಲು ಅರವತ್ತು ಮೀಟರಿಗೊಂದು ಮೂರು ಮೀಟರಿನ ಓಣಿ ಬಿಡಬೇಕು. ಅಲ್ಲಿಗೇ ನೂರಕ್ಕೆ ಐದು ಪಾಲು ನೆಲ ಹೋಯಿತು, ಮೇಲೆ ಬಿದ್ದ ಕಬ್ಬು ಓಣಿಯನ್ನು ಮುಚ್ಚುತ್ತದೆ. ಕಬ್ಬಿಗೆ ಹನಿ ನೀರಾವರಿ ಇದೆ, ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಗಳ ಮಾರ್ಗದರ್ಶನ ಇದೆ. ಹೋಸ್ ರೀಲ್ ಇರುವುದು ಗಿಡ್ಡ ಬೆಳೆಗಳಿಗೆ: ಗೋಧಿ, ಕಡಲೆ, ಶೇಂಗಾ, ಸೋಯಾ, ಹಾಲಿನ ಊರುಗಳ ಮೇವು, ಹುಲ್ಲಿನ ಮೈದಾನ.

ಪೈಪು ಎಷ್ಟು ದಪ್ಪ ಇರಬೇಕು? ಕೊಳ್ಳುವಾಗ ದುಡ್ಡು ಉಳಿಸಲು ಹೋಗಿ ಆಮೇಲೆ ವರ್ಷಗಟ್ಟಲೆ ಕಟ್ಟುತ್ತಾ ಕೂರುವುದು ಇಲ್ಲಿಯೇ. ಸೆಕೆಂಡಿಗೆ 10 ಲೀಟರ್ ನೀರು ಒಳವ್ಯಾಸ 75 ಮಿ.ಮೀ. ಇರುವ ಪೈಪಿನಲ್ಲಿ ಹರಿದರೆ ಪ್ರತಿ ನೂರು ಮೀಟರಿಗೆ ಸುಮಾರು 6 ಮೀಟರಿನಷ್ಟು ಒತ್ತಡ ತಿಕ್ಕಾಟಕ್ಕೆ ಹೋಗುತ್ತದೆ. ಮುನ್ನೂರು ಮೀಟರಿಗೆ 18. ಒಳವ್ಯಾಸ 63 ಮಿ.ಮೀ. ಆದರೆ ಅದೇ ಮುನ್ನೂರು ಮೀಟರಿಗೆ ಹೋಗುವುದು 42 ಮೀಟರ್. ವ್ಯಾಸ ಇಳಿದದ್ದು ಆರನೇ ಒಂದು ಪಾಲು, ನಷ್ಟ ಏರಿದ್ದು ಎರಡು ಪಟ್ಟಿಗೂ ಮಿಕ್ಕು. ವ್ಯಾಸ ಕುಗ್ಗಿದಂತೆ ತಿಕ್ಕಾಟ ಅದರ ಹೆಚ್ಚುಕಡಿಮೆ ಐದನೆಯ ಘಾತದಲ್ಲಿ ಬೆಳೆಯುವುದೇ ಇದಕ್ಕೆ ಕಾರಣ.

ಗನ್ನಿನ ಬಾಯಲ್ಲಿ ಚದರ ಸೆಂಟಿಮೀಟರಿಗೆ 4 ಕೆಜಿ ಒತ್ತಡ ಬೇಕು, ಅಂದರೆ 40 ಮೀಟರ್ ಎತ್ತರದ ನೀರಿನ ಕಂಬದಷ್ಟು. ಟರ್ಬೈನು, ಕವಾಟ, ಬಾವಿಯಿಂದ ರೀಲಿನವರೆಗಿನ ಪೈಪು ಎಲ್ಲ ಸೇರಿ ಇನ್ನೊಂದು ಹದಿನೇಳು ಮೀಟರ್ ಎನ್ನಿ. ದಪ್ಪ ಪೈಪಿಗೆ ಒಟ್ಟು 75 ಮೀಟರ್. ನೂರಕ್ಕೆ 65ರ ದಕ್ಷತೆಯ ಪಂಪಿಗೆ 15 ಎಚ್‌ಪಿ ಸಾಕು. ಸಣ್ಣ ಪೈಪಿಗೆ ನೂರು ಮೀಟರಿನ ಹತ್ತಿರ, 20 ಎಚ್‌ಪಿ. ಪೈಪಿನಲ್ಲಿ ಉಳಿಸಿದ ಹಣ ಪ್ರತಿ ಗಂಟೆಯೂ ಐದು ಎಚ್‌ಪಿ ಲೆಕ್ಕದಲ್ಲಿ ಹೊರಟುಹೋಗುತ್ತದೆ. ಬಾವಿಯ ನೀರು ಆಳದಲ್ಲಿದ್ದರೆ ಆ ಎತ್ತರವನ್ನೂ ಕೂಡಿಸಬೇಕು. ಪಂಪಿನ ಮಾತು ಬಂದಾಗ ಈ ಸೀಮೆಯಲ್ಲಿ ಕಿರ್ಲೋಸ್ಕರ್ ಹೆಸರು ಬರದೆ ಇರದು. ಆ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಯಾವ ಕಂಪನಿಯ ಪಂಪಾದರೂ ಸರಿ, ಅದರ ಜೊತೆ ಬರುವ ವಕ್ರರೇಖೆಯ ಹಾಳೆ ಕೇಳಿ ಪಡೆಯಬೇಕು. ನಿಮಗೆ ಬೇಕಾದ ಹರಿವು, ಬೇಕಾದ ಒತ್ತಡ ಎರಡೂ ಆ ರೇಖೆಯ ನಡುಭಾಗದಲ್ಲಿ ಕೂಡಬೇಕು. ಬರೀ ಎಚ್‌ಪಿ ಏನನ್ನೂ ಹೇಳುವುದಿಲ್ಲ.

4 ಕೆಜಿ ಒತ್ತಡದಲ್ಲಿ ನೀರು ಗನ್ನಿನಿಂದ ಹೊರಬೀಳುವ ವೇಗ ಸೆಕೆಂಡಿಗೆ 28 ಮೀಟರ್, ಗಂಟೆಗೆ ನೂರು ಕಿಲೋಮೀಟರ್. ಆ ಧಾರೆ ಗಾಳಿಯಲ್ಲಿ ಸೀಳಿ ಹನಿಯಾಗುತ್ತದೆ. ಒತ್ತಡ ಕಡಿಮೆಯಾದರೆ ಧಾರೆ ಸರಿಯಾಗಿ ಒಡೆಯದು. ದಪ್ಪ ಹನಿಗಳು ದೂರದ ಅಂಚಿನಲ್ಲಿ ಬಳೆಯಂತೆ ಬಿದ್ದು ನಡುವೆ ಒಣಗಿರುತ್ತದೆ. ಅತಿಯಾದರೆ ಮಂಜಿನಂತೆ ಒಡೆದು ಗಾಳಿಯ ಪಾಲು. ಎರೆ ಮಣ್ಣಿನ ಮೇಲೆ ದಪ್ಪ ಹನಿ ಬಿದ್ದರೆ ಮೇಲ್ಮಣ್ಣು ಕಲೆಸಿ ಹೆಪ್ಪುಗಟ್ಟುತ್ತದೆ, ಮೊಳಕೆ ಅದನ್ನು ಒಡೆದು ಬರಲಾರದು. ಎರೆಯ ಇನ್ನೊಂದು ಗುಣವನ್ನೂ ನೆನಪಿಡಬೇಕು. ಒಣಗಿ ಬಿರುಕುಬಿಟ್ಟಾಗ ಮೊದಲ ನೀರನ್ನು ಗಟಗಟನೆ ಕುಡಿಯುತ್ತದೆ. ಉಬ್ಬಿ ಬಿರುಕು ಮುಚ್ಚಿದ ಮೇಲೆ ಗಂಟೆಗೆ ಕೆಲವೇ ಮಿ.ಮೀ. ಮಾತ್ರ ಒಳಗೆ ಬಿಡುತ್ತದೆ. ನಮ್ಮ ಗನ್ ಎರಚುವುದು ಗಂಟೆಗೆ ಹತ್ತು ಹನ್ನೆರಡು ಮಿ.ಮೀ. ದರದಲ್ಲಿ. ಆದ್ದರಿಂದ ಐವತ್ತು ಮಿ.ಮೀ. ಬೇಕಿದ್ದರೆ ಒಂದೇ ನಿಧಾನ ಓಟದಲ್ಲಿ ಕೊಡದೆ, ನಡುವೆ ಬಿಡುವು ಕೊಟ್ಟು ಎರಡು ಓಟದಲ್ಲಿ ಕೊಡುವುದು ಲೇಸು. ಬೇಸಿಗೆಯ ಮಧ್ಯಾಹ್ನ ಪಡುವಣ ಗಾಳಿ ಎದ್ದಾಗ ಗನ್ ನಿಲ್ಲಿಸಿ, ರಾತ್ರಿ ಮತ್ತು ಬೆಳಗಿನ ಜಾವ ಓಡಿಸಬೇಕು. ಗಾಳಿಯ ಸೀಮೆಯಲ್ಲಿ ಪಟ್ಟಿಯನ್ನು ಅರವತ್ತರಿಂದ ಐವತ್ತು ಮೀಟರಿಗೆ ಕಿರಿದು ಮಾಡಬೇಕು. ಹೊಲದ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಅದರ ಹತ್ತಿರ ಗನ್ ಓಡಿಸುವ ಮಾತೇ ಇಲ್ಲ. ಒಡೆಯದ ಧಾರೆ ತಂತಿಗೆ ತಗಲಿದರೆ ಗಾಡಿಯ ಬಳಿ ನಿಂತವರ ಜೀವಕ್ಕೇ ಸಂಚಕಾರ.

ಈ ಯಂತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಸೂಕ್ಷ್ಮ ಡ್ರಮ್ಮಿನಲ್ಲಿದೆ. ಡ್ರಮ್ಮಿನ ವ್ಯಾಸ ಒಂದೂವರೆ ಮೀಟರ್, ಪೈಪಿನ ಹೊರವ್ಯಾಸ 90 ಮಿ.ಮೀ. ಎನ್ನಿ. ಗನ್ ದೂರದಲ್ಲಿದ್ದಾಗ ಪೈಪು ತಳದ ಸುತ್ತಿನಲ್ಲಿ ಕೂರುತ್ತದೆ. ಡ್ರಮ್ ಒಮ್ಮೆ ತಿರುಗಿದರೆ ಗಾಡಿ ಐದು ಮೀಟರ್ ಬರುತ್ತದೆ. ಸುತ್ತಿನ ಮೇಲೆ ಸುತ್ತು ಏರಿ ನಾಲ್ಕನೆಯ ಪದರಕ್ಕೆ ಬರುವ ಹೊತ್ತಿಗೆ ಒಂದು ತಿರುವಿಗೆ ಆರೂಮುಕ್ಕಾಲು ಮೀಟರ್. ಡ್ರಮ್ ಒಂದೇ ಲಯದಲ್ಲಿ ತಿರುಗುತ್ತಿದ್ದರೆ ಗನ್ ರೀಲಿನ ಹತ್ತಿರ ಬಂದಂತೆ ಮೂರನೇ ಒಂದರಷ್ಟು ಹೆಚ್ಚು ವೇಗದಲ್ಲಿ ನಡೆಯುತ್ತದೆ, ಆ ಕಡೆ 20 ಮಿ.ಮೀ. ಬಿದ್ದ ಮಳೆ ಈ ಕಡೆ 15ಕ್ಕೆ ಇಳಿಯುತ್ತದೆ. ಎಳೆಯಬೇಕಾದ ಪೈಪಿನ ಭಾರವೂ ಕಡಿಮೆಯಾಗುತ್ತಾ ಬರುವುದರಿಂದ ಟರ್ಬೈನಿಗೆ ಇನ್ನಷ್ಟು ಹುರುಪು. ಒಳ್ಳೆಯ ಯಂತ್ರದಲ್ಲಿ ಇದಕ್ಕೊಂದು ಮದ್ದು ಇರುತ್ತದೆ. ಪದರ ಏರಿದಂತೆ ಪೈಪಿನ ಮೇಲೆ ಒರಗಿದ ಒಂದು ಕಡ್ಡಿ ಟರ್ಬೈನಿನ ಬೈಪಾಸ್ ಕವಾಟವನ್ನು ಸ್ವಲ್ಪ ಸ್ವಲ್ಪವೇ ತೆರೆದು ವೇಗ ತಗ್ಗಿಸುತ್ತದೆ, ಇಲ್ಲವೇ ಎಲೆಕ್ಟ್ರಾನಿಕ್ ನಿಯಂತ್ರಕ ಅದನ್ನು ಮಾಡುತ್ತದೆ. ಕೊಳ್ಳುವಾಗ ಈ ವ್ಯವಸ್ಥೆಯನ್ನು ಕೇಳಿ, ತೋರಿಸಿ ಎನ್ನಬೇಕು.

ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಖಾಲಿ ಡಬ್ಬಗಳು ಸಾಕು. ನೇರ ಗೋಡೆಯ, ಒಂದೇ ಅಳತೆಯ ಡಬ್ಬಗಳನ್ನು ಪೈಪಿನ ಎರಡೂ ಬದಿಗೆ ನಾಲ್ಕು ನಾಲ್ಕು ಮೀಟರಿಗೊಂದರಂತೆ ಅಡ್ಡಸಾಲಿನಲ್ಲಿಡಿ. ಹೊಲದ ಆ ತುದಿಯ ಹತ್ತಿರ ಒಂದು ಸಾಲು, ರೀಲಿನ ಹತ್ತಿರ ಇನ್ನೊಂದು. ಗನ್ ದಾಟಿದ ಕೂಡಲೇ, ಬಿಸಿಲಿಗೆ ಆರುವ ಮೊದಲು, ಅಳತೆಪಟ್ಟಿ ಇಳಿಸಿ ಮಿಲಿಮೀಟರ್ ಓದಿ ಬರೆದುಕೊಳ್ಳಿ. ಮೂವತ್ತು ಮೀಟರಿನಾಚೆ ಬಿದ್ದದ್ದು ಪಕ್ಕದ ಪಟ್ಟಿಯ ಪಾಲು. ಅದನ್ನು ಎದುರು ಬದಿಯ ಅಂಚಿನ ಡಬ್ಬಗಳಿಗೆ ಕೂಡಿಸಬೇಕು. ಎರಡು ಸಾಲಿನ ಸರಾಸರಿ ಬೇರೆಯಾದರೆ ದೋಷ ವೇಗದಲ್ಲಿ. ಒಂದೇ ಸಾಲಿನೊಳಗೆ ಏರಿಳಿತ ಹೆಚ್ಚಿದ್ದರೆ ದೋಷ ಒತ್ತಡದಲ್ಲಿ, ನಾಜಲಿನಲ್ಲಿ ಅಥವಾ ಗಾಳಿಯಲ್ಲಿ. ಹಂಗಾಮಿಗೆ ಒಂದು ಸಲ ಹೀಗೆ ಅಳೆಯುವವರು ಯಂತ್ರದ ಅರ್ಧ ರೋಗಗಳನ್ನು ಬೆಳೆ ಹಳದಿಯಾಗುವ ಮೊದಲೇ ಹಿಡಿಯುತ್ತಾರೆ.

ನಾಜಲ್ ಸವೆಯುತ್ತದೆ. ಕಾಲುವೆಯ ನೀರಿನ ಸಣ್ಣ ಮರಳು 22 ಮಿ.ಮೀ. ಬಾಯನ್ನು 23 ಮಾಡಿದರೆ ಹರಿವು ನೂರಕ್ಕೆ ಒಂಬತ್ತು ಪಾಲು ಏರಿ, ಪಂಪು ಬಳಲಿ ಒತ್ತಡ ಇಳಿಯುತ್ತದೆ. ಕ್ಯಾಲಿಪರಿನಲ್ಲಿ ವರ್ಷಕ್ಕೊಮ್ಮೆ ಅಳೆದು, ಸವೆದಿದ್ದರೆ ಬದಲಿಸಬೇಕು. ಟರ್ಬೈನಿಗೂ ಅದೇ ಮರಳು ಶತ್ರು, ಜೊತೆಗೆ ಕಾಲುವೆಯ ಜೊಂಡು, ಪ್ಲಾಸ್ಟಿಕ್. ಪಂಪಿನ ಬಾಯಿಗೆ ಜಾಲರಿ, ರೀಲಿನ ಮುಂದೆ ಫಿಲ್ಟರ್ ಇರಲೇಬೇಕು.

ಪೈಪಿನ ಆಯುಷ್ಯ ನಿರ್ಧಾರವಾಗುವುದು ಅದನ್ನು ಎಳೆಯುವ ಕೈಯಲ್ಲಿ. ನೀರು ತುಂಬಿದ ಮುನ್ನೂರು ಮೀಟರ್ ಪೈಪಿನ ತೂಕ ಎರಡು ಟನ್ನಿನ ಹತ್ತಿರ. ಟ್ರ್ಯಾಕ್ಟರು ನಡಿಗೆಯ ವೇಗದಲ್ಲೇ, ನೇರ ಗೆರೆಯಲ್ಲೇ ಹೊರಡಬೇಕು; ಎಳೆದು ನಿಲ್ಲಿಸುವಾಗಲೂ ಮೆಲ್ಲಗೆ, ಇಲ್ಲದಿದ್ದರೆ ಡ್ರಮ್ ತನ್ನ ಓಘಕ್ಕೆ ತಿರುಗಿ ಸುತ್ತುಗಳು ಸಡಿಲಾಗಿ ಒಂದರ ಮೇಲೊಂದು ಏರುತ್ತವೆ. ಕೊನೆಯ ಒಂದೆರಡು ಸುತ್ತು ಡ್ರಮ್ಮಿನ ಮೇಲೆಯೇ ಉಳಿಯಬೇಕು. ಪೂರ್ತಿ ಬಿಚ್ಚಿದರೆ ಎಳೆತವೆಲ್ಲ ಅಚ್ಚಿನ ಕೂಡುಜಾಗದ ಮೇಲೆ ಬಿದ್ದು ಅದು ಕಿತ್ತು ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ಖಾಲಿ ಪೈಪನ್ನು ಹೊಲದಲ್ಲಿ ಚಾಚಿ ಬಿಡಬಾರದು. ಕಪ್ಪು ಪಾಲಿಎಥಿಲೀನ್ ಬಿಸಿಯಾಗಿ ಮೆತ್ತಗಾಗುತ್ತದೆ, ಆಗ ಎಳೆದರೆ ಉದ್ದ ಹಿಗ್ಗುತ್ತದೆ, ಸುತ್ತಿದರೆ ಚಪ್ಪಟೆಯಾಗುತ್ತದೆ. ಮೊದಲು ನೀರು ಬಿಟ್ಟು ತಣಿಸಿ, ಆಮೇಲೆ ಸುತ್ತಬೇಕು. ಹಸಿ ಎರೆಯಲ್ಲಿ ಪೈಪು ಎಳೆಯುವ ಬಲಕ್ಕೆ ರೀಲೇ ಹೊಲದೊಳಕ್ಕೆ ಜಾರೀತು. ಅದರ ಆನಿಕೆ ಕಾಲುಗಳನ್ನು ನೆಲಕ್ಕೆ ಚೆನ್ನಾಗಿ ಇಳಿಸಿರಬೇಕು.

ನೀರನ್ನು ಥಟ್ಟನೆ ನಿಲ್ಲಿಸುವುದು ಇನ್ನೊಂದು ಅಪಾಯ. ಸೆಕೆಂಡಿಗೆ ಎರಡೂಕಾಲು ಮೀಟರ್ ವೇಗದಲ್ಲಿ ಬರುತ್ತಿರುವ ನೀರಿನ ಮುಂದೆ ಎರಡು ಸೆಕೆಂಡಿನೊಳಗೆ ಕವಾಟ ಮುಚ್ಚಿದರೆ, ಈ ಪೈಪಿನೊಳಗೆ ಇರುವ ಒತ್ತಡದ ಮೇಲೆ ಇನ್ನೂ 7 ಕೆಜಿಯ ಹೊಡೆತ ಬೀಳುತ್ತದೆ. ಕಬ್ಬಿಣದ ಪೈಪಿನಲ್ಲಿ ಈ ಹೊಡೆತ ಹಲವು ಪಟ್ಟು. ಕವಾಟ ನಿಧಾನ ಮುಚ್ಚುವಂಥದ್ದಿರಲಿ, ಪಂಪಿನ ಬಳಿ ರಿಲೀಫ್ ವಾಲ್ವ್ ಇರಲಿ.

ಪುಣೆಯ ಸುತ್ತ ಹೇಳಲೇಬೇಕಾದ ಒಂದು ಮಾತಿದೆ. ಮುಂಢವಾ ಬಳಿಯಿಂದ ನಗರ ಬಳಸಿ ಬಿಟ್ಟ ನೀರನ್ನು ಹಳೆಯ ಕಾಲುವೆಗೆ ಎತ್ತಿ ಹೊಲಗಳಿಗೆ ಕೊಡುವ ಯೋಜನೆ ಇದೆ. ಇಂಥ ನೀರನ್ನು ಗನ್ನಿನಿಂದ ಗಾಳಿಗೆ ಎರಚಬಾರದು. ಸಣ್ಣ ಹನಿಗಳ ಜೊತೆ ರೋಗಾಣುಗಳು ಪಕ್ಕದ ಮನೆ, ದಾರಿ, ಸೊಪ್ಪಿನ ಎಲೆಗಳ ಮೇಲೆ ಹೋಗಿ ಕೂರುತ್ತವೆ. ಅಲ್ಲಿ ಸಾಲಿನಲ್ಲೇ ಹರಿಸುವುದು, ಮೇವಿಗೆ ಮಾತ್ರ ಬಳಸುವುದು ಸುರಕ್ಷಿತ.

ಜಿಲ್ಲೆಯ ಬಹುತೇಕ ರೈತರಿಗೆ ಎರಡು ಮೂರು ಎಕರೆಯೇ ಆಸ್ತಿ. ಒಬ್ಬರಿಗೇ ಈ ಯಂತ್ರ ಹೊರೆ. ಬದು ಕೂಡಿದ ಆರೇಳು ಮನೆಯವರು ಸೇರಿ ಕೊಂಡರೆ, ಅಥವಾ ಕಾರ್ಖಾನೆ, ಸಹಕಾರ ಸಂಘ ಬಾಡಿಗೆಗೆ ಇಟ್ಟರೆ ಲೆಕ್ಕ ಕೂಡುತ್ತದೆ. ಆಗ ಸರದಿಯನ್ನು ಕಾಲುವೆಯ ಆವರ್ತನದ ದಿನಗಳಿಗೆ ಹೊಂದಿಸಿ ಮೊದಲೇ ಬರೆದಿಡಬೇಕು, ಪೈಪು ಎಳೆಯುವ ಕೆಲಸಕ್ಕೆ ಒಬ್ಬರನ್ನೇ ಕಲಿಸಿ ನೇಮಿಸಬೇಕು. ಅಚ್ಚಿನ ಸೀಲು, ಟರ್ಬೈನಿನ ಬೇರಿಂಗು, ಚೈನು ಹತ್ತಿರದ ಪೇಟೆಯಲ್ಲಿ ಸಿಗುತ್ತವೆಯೇ, ಪೈಪು ಒಡೆದರೆ ಬಿಸಿ ಫಲಕದಲ್ಲಿ ಬೆಸೆದು ಹೊರಗಿನ ಉಬ್ಬನ್ನು ಕೆತ್ತಿಕೊಡುವವರಿದ್ದಾರೆಯೇ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು.

ಜೂನಿನಲ್ಲಿ ಮುಂಗಾರು ಹಿಡಿದ ಮೇಲೆ ಯಂತ್ರಕ್ಕೆ ಬಿಡುವು. ಪೈಪಿನ ನೀರು ಬಸಿದು, ಗೇರ್ ಪೆಟ್ಟಿಗೆಯ ಎಣ್ಣೆ ಬದಲಿಸಿ, ಚೈನಿಗೆ, ಅಚ್ಚಿಗೆ ಗ್ರೀಸ್ ಹಾಕಿ, ಚಕ್ರಗಳ ಮೇಲಿನ ಭಾರ ಇಳಿಸಿ ನೆರಳಲ್ಲಿ ನಿಲ್ಲಿಸಬೇಕು. ಇಲಿ ಪೈಪು ಕಡಿಯುತ್ತದೆ, ಸುತ್ತಲೂ ಹುಲ್ಲು ಬೆಳೆಯಗೊಡಬಾರದು. ಕಬ್ಬಿನ ಸೀಮೆಯಲ್ಲಿ ಇನ್ನೂ ದೊಡ್ಡ ಭಯ ಬೆಂಕಿ: ಕಟಾವಿನ ನಂತರ ರವದಿಗೆ ಇಟ್ಟ ಕಿಡಿ ಬದು ದಾಟಿ ಬಂದರೆ ಮುನ್ನೂರು ಮೀಟರ್ ಪೈಪು ಕರಗಿ ಮುದ್ದೆಯಾಗಲು ಹೆಚ್ಚು ಹೊತ್ತು ಬೇಡ. ರೀಲು ಹೊಲದಲ್ಲಿರುವಷ್ಟು ದಿನವೂ ಅದರ ಸುತ್ತ ನಾಲ್ಕು ಮೀಟರ್ ನೆಲವನ್ನು ಉತ್ತು ಬರಿದಾಗಿ ಇಡಬೇಕು.